ಜೀಪು ಅಲೆದಾಡಿದರೆ ಮೊದಲು ಅಳತೆ, ಆಮೇಲೆ ಬಿಡಿಭಾಗ

ಎತ್ತರಿಸಿ ಆಕ್ಸಲ್ ಬದಲಿಸಿದ ಜೀಪುಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ: ನೇರ ರಸ್ತೆಯಲ್ಲೂ ಗಾಡಿ ಒಂದೇ ಸಾಲಿನಲ್ಲಿ ಹೋಗುವುದಿಲ್ಲ, ಆಚೀಚೆ ಅಲೆಯುತ್ತದೆ, ಚಾಲಕ ಕ್ಷಣಕ್ಷಣವೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಇದಕ್ಕೆ ಕೊಡುವ ಮದ್ದೂ ಹೆಚ್ಚುಕಡಿಮೆ ಒಂದೇ. ಮೊದಲು ಹೊಸ ಸ್ಟೇರಿಂಗ್ ಡ್ಯಾಂಪರ್, ಅದರಿಂದಾಗದಿದ್ದರೆ ಟೈ ರಾಡ್ ಎಂಡ್, ಕೊನೆಗೆ ಸ್ಟೇರಿಂಗ್ ಬಾಕ್ಸ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ದುಡ್ಡು ಖರ್ಚಾದರೂ ಅಲೆದಾಟ ನಿಲ್ಲುವುದಿಲ್ಲ. ಆಕ್ಸಲ್ ಬದಲಾದ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಸವೆದ ಭಾಗವನ್ನಲ್ಲ, ಬೆಸುಗೆ ಹಾಕಿದ ಕೋನವನ್ನು.

ವಿಲ್ಲೀಸ್ ಮಾದರಿಯ ಹಳೆಯ ಮಹೀಂದ್ರ ಜೀಪಿನಲ್ಲಾಗಲಿ, ಮಾರುತಿ ಜಿಪ್ಸಿಯಲ್ಲಾಗಲಿ ಮುಂದಿನ ಎರಡೂ ಚಕ್ರಗಳನ್ನು ಹೊರುವುದು ಒಂದೇ ಗಟ್ಟಿ ಆಕ್ಸಲ್. ಅದರ ತುದಿಗಳಲ್ಲಿ ಚಕ್ರ ಹೊರಳುವ ಕಿಂಗ್‌ಪಿನ್‌ಗಳು ಸೈಕಲ್ಲಿನ ಹ್ಯಾಂಡಲ್ ಕೊಳವೆಯಂತೆ ತುಸು ಹಿಂದಕ್ಕೆ ವಾಲಿರುತ್ತವೆ. ಈ ವಾಲಿಕೆಯೇ ಕ್ಯಾಸ್ಟರ್. ಗಾಡಿ ನೇರವಾಗಿ ಓಡುವುದೂ ತಿರುವು ದಾಟಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ಮರಳುವುದೂ ಬಹುಮಟ್ಟಿಗೆ ಇದರ ಕೃಪೆಯಿಂದ. ಗಾಡಿ ಎತ್ತರವಾದಾಗ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಇಳಿಯುವ ಶಾಫ್ಟ್ ಕಡಿದಾಗುತ್ತದೆ. ಶಾಫ್ಟಿನ ಜಾಯಿಂಟ್ ಉಳಿಸಲೆಂದು ಡಿಫರೆನ್ಶಿಯಲ್‌ನ ಮೂಗನ್ನು ಮೇಲಕ್ಕೆತ್ತಿ, ಸ್ಪ್ರಿಂಗ್ ಕೂರುವ ಪ್ಯಾಡನ್ನು ಅದೇ ಸ್ಥಿತಿಯಲ್ಲಿ ಬೆಸೆದುಬಿಡುತ್ತಾರೆ. ಮೂಗೂ ಕಿಂಗ್‌ಪಿನ್ನೂ ಒಂದೇ ಹೌಸಿಂಗಿಗೆ ಸೇರಿದವಾದ್ದರಿಂದ ಮೂಗು ಎಷ್ಟು ಏರಿತೋ ಕ್ಯಾಸ್ಟರ್ ಅಷ್ಟೇ ಇಳಿಯುತ್ತದೆ. 5 ಡಿಗ್ರಿ ಕ್ಯಾಸ್ಟರ್ ಇದ್ದ ಆಕ್ಸಲ್‌ನ ಮೂಗನ್ನು 4 ಡಿಗ್ರಿ ಎತ್ತಿದರೆ ಉಳಿಯುವುದು ಒಂದೇ ಡಿಗ್ರಿ. ಅಗಲವಾದ ಟೈರಿನ ಜೊತೆ ಅದು ಏನೇನೂ ಸಾಲದು. ಡ್ಯಾಂಪರ್ ನಡುಕವನ್ನು ತಗ್ಗಿಸಬಲ್ಲದು, ಚಕ್ರವನ್ನು ನಡುವಿಗೆ ತರಲಾರದು.

ಹಾಗೆಂದು ಎಲ್ಲ ಅಲೆದಾಟಕ್ಕೂ ಕ್ಯಾಸ್ಟರ್ ಒಂದೇ ಕಾರಣವಲ್ಲ. ಅದಕ್ಕಾಗಿಯೇ ಲಕ್ಷಣಗಳನ್ನು ಬಿಡಿಸಿ ನೋಡಬೇಕು. ತಿರುವಿನ ನಂತರ ಸ್ಟೇರಿಂಗ್ ಮರಳದಿದ್ದರೆ ಕ್ಯಾಸ್ಟರ್ ಕಡಿಮೆಯಿದೆ, ಇಲ್ಲವೇ ಕಿಂಗ್‌ಪಿನ್ ಬಿಗಿಯಾಗಿದೆ. ಸ್ಟೇರಿಂಗ್ ತುಸು ತಿರುಗಿದರೂ ಟೈರು ಅಲುಗದಿದ್ದರೆ ಎಲ್ಲೋ ಪ್ಲೇ, ಅಂದರೆ ಸಡಿಲು, ಇದೆ. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಆಚೀಚೆ ಆಡಿಸಿ, ಇನ್ನೊಬ್ಬರು ಒಂದೊಂದೇ ಜಾಯಿಂಟನ್ನು ನೋಡುತ್ತ ಹೋದರೆ ಅದು ಸಿಕ್ಕಿಬೀಳುತ್ತದೆ. ಸ್ಟೇರಿಂಗ್ ಬಾಕ್ಸ್ ಕೂತಿರುವ ಚಾಸಿಯ ಜಾಗದಲ್ಲಿ ಬಿರುಕು ಬಿಟ್ಟಿದೆಯೇ ಎಂಬುದೂ ಆಗಲೇ ಕಾಣುತ್ತದೆ. ಸ್ಟೇರಿಂಗ್ ಅಲುಗಿಸದಿದ್ದರೂ ಹಳ್ಳದಿಣ್ಣೆಯಲ್ಲಿ ಮಾತ್ರ ಗಾಡಿ ದಿಕ್ಕು ತಪ್ಪಿದರೆ, ಸ್ಟೇರಿಂಗ್ ಬಾಕ್ಸನ್ನು ಚಕ್ರಕ್ಕೆ ಜೋಡಿಸುವ, ಎತ್ತರಿಸಿದ ಮೇಲೆ ಓರೆಯಾದ ಡ್ರ್ಯಾಗ್ ಲಿಂಕ್ ಚಕ್ರವನ್ನು ತಾನೇ ತಿರುಗಿಸುತ್ತಿದೆ ಎಂದರ್ಥ. ಆಕ್ಸಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಸರಿದರೆ ಹಿಂದಿನ ಸ್ಪ್ರಿಂಗ್ ಬುಷ್, ಯು ಬೋಲ್ಟ್‌ಗಳನ್ನು ನೋಡಬೇಕು. ಎಡಬಲ ಎರಡೂ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದರೆ ಆಕ್ಸಲ್ ಓರೆಯಾಗಿ ಕೂತಿದೆಯೇ ಎಂಬುದು ಬಯಲಾಗುತ್ತದೆ. ಇವೆಲ್ಲಕ್ಕಿಂತ ಮೊದಲು ಟೈರಿನ ಗಾಳಿ ನೋಡಬೇಕು, ಅದಕ್ಕೆ ಖರ್ಚಿಲ್ಲ.

ಅನುಭವಿ ಮೆಕ್ಯಾನಿಕ್‌ಗೆ ಇಷ್ಟೆಲ್ಲ ಅಳತೆ ಬೇಕೇ, ಸ್ಟೇರಿಂಗ್ ಹಿಡಿದರೆ ಸಾಕಲ್ಲವೇ ಎಂದು ಕೇಳಬಹುದು. ಕೈಯ ಅನುಭವ ದೊಡ್ಡದು ನಿಜ, ಆದರೆ ಕಂಪನಿ ಕೂರಿಸಿದ ಆಕ್ಸಲ್ ಇರುವ ಗಾಡಿಯಲ್ಲಿ ಕೋನ ಮೊದಲೇ ಗೊತ್ತಿರುತ್ತದೆ, ಸವೆತವೊಂದನ್ನು ಹುಡುಕಿದರೆ ಸಾಕು. ಬದಲಿಸಿದ ಗಾಡಿಯಲ್ಲಿ ಆ ಕೋನವೇ ಗೊತ್ತಿರುವುದಿಲ್ಲ. ಬಾಕ್ಸ್ ಬದಲಿಸಿದ ಮೇಲೆ ಎಷ್ಟೋ ವಾಸಿಯಾಯಿತು ಎನ್ನುವವರ ಮಾತೂ ಸುಳ್ಳಲ್ಲ. ಪ್ಲೇ ಕಡಿಮೆಯಾದಾಗ ತಿದ್ದುವುದು ಸುಲಭವಾಗುತ್ತದೆ, ತಿದ್ದಬೇಕಾದ ಕಾರಣ ಮಾತ್ರ ಉಳಿದೇ ಇರುತ್ತದೆ. ಕ್ಯಾಸ್ಟರ್ ಹೆಚ್ಚಿದರೆ ಸ್ಟೇರಿಂಗ್ ಭಾರವಾಗುತ್ತದೆ, ಸ್ಪ್ರಿಂಗಿನ ಬಳಿ ವೆಡ್ಜ್ ಇಟ್ಟು ಅದನ್ನು ಹೆಚ್ಚಿಸಿದರೆ ಮೂಗು ಕೆಳಗಿಳಿದು ಶಾಫ್ಟಿನ ಕೋನ ಕೆಡುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಆಕ್ಸಲ್‌ನ ತುದಿಗಳನ್ನು ಬಿಡಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ಅದು ನುರಿತವರ ಕೆಲಸ, ಖರ್ಚೂ ಹೆಚ್ಚು. ಇಂಥ ನಿರ್ಧಾರವನ್ನು ಅಳತೆಯಿಲ್ಲದೆ ಅಂದಾಜಿನ ಮೇಲೆ ಮಾಡುವುದು ಹೇಗೆ?

ಇಂಥ ಬದಲಾವಣೆಗೆ ರಸ್ತೆಯಲ್ಲಿ ಜಾಗವೇ ಇಲ್ಲ ಎಂಬ ವಾದಕ್ಕೆ ಕಾನೂನಿನ ಬಲವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಈ ಎಲ್ಲೆಯನ್ನು ಮೀರಬಾರದು. ಆದರೆ ಖಾಸಗಿ ಜಾಗದಲ್ಲಿ ಓಡುವ ಗಾಡಿಯೊಳಗೂ ಮನುಷ್ಯರೇ ಕೂರುತ್ತಾರೆ, ಅಲೆದಾಡುವ ಜೀಪಿಗೆ ತೋಟದ ಇಳಿಜಾರೂ ಅಪಾಯವೇ. ಆದ್ದರಿಂದ ಕೆಲಸ ಮುಗಿಸಿದ ಗ್ಯಾರೇಜಿನಿಂದ ಬಿಲ್ಲಿನ ಜೊತೆ ಇಷ್ಟನ್ನು ಬರೆಸಿಕೊಳ್ಳಿ: ಎರಡೂ ಬದಿಯ ಕ್ಯಾಸ್ಟರ್, ಮುಂದಿನ ಚಕ್ರಗಳ ಟೋ (ಒಳಕ್ಕೋ ಹೊರಕ್ಕೋ ಇರುವ ಓರೆ), ಎರಡೂ ಬದಿಯ ವೀಲ್‌ಬೇಸ್. ಇವನ್ನು ಬರೆದುಕೊಡದವರ ಕೈಗೆ ಸ್ಟೇರಿಂಗ್ ಕೆಲಸ ಕೊಡಬೇಡಿ.