ವಾಚು ಸರಿ ಅಂದಿತು, ಎದೆ ಒಪ್ಪಲಿಲ್ಲ

ಹೋದ ತಿಂಗಳು ಊರಿಗೆ ಹಣ ಕಳಿಸುವ ಲೆಕ್ಕ ಬರೆದಿದ್ದೆ. ಈ ಸಲದ್ದು ಕೈಗೆ ಕಟ್ಟಿಕೊಳ್ಳುವ ಲೆಕ್ಕ.

ಶಾರ್ಜಾದ ನಮ್ಮ ರೂಮಿನಲ್ಲಿ ಪುತ್ತೂರು ಕಡೆಯ ಅಣ್ಣ ಒಬ್ಬರಿದ್ದಾರೆ. ವಯಸ್ಸು 51. ಮಗಳು ಮೊದಲ ಸಂಬಳದಲ್ಲಿ ಸ್ಮಾರ್ಟ್ ವಾಚ್ ಕೊಡಿಸಿದ್ದಾಳೆ. ಒಂದು ರಾತ್ರಿ ಊಟ ಆದ ಮೇಲೆ ಎದೆ ಒತ್ತಿ ಹಿಡಿದು ಕೂತರು, ಮೈಯೆಲ್ಲ ಬೆವರು. "ಆಸ್ಪತ್ರೆಗೆ ಹೋಗುವ ಅಣ್ಣ" ಅಂದೆ. "ಗ್ಯಾಸು ಮಾರಾಯ. ಇಲ್ಲಿ ನೋಡು, ಇಸಿಜಿ ಸರಿ ಉಂಟು" ಅಂತ ವಾಚು ತೋರಿಸಿದರು. ನಾನೂ ನಂಬಿದೆ. ಅರ್ಧ ಗಂಟೆ ಹೋಯಿತು. ಕೊನೆಗೆ 998ಕ್ಕೆ ಫೋನ್ ಮಾಡಿದೆ. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು, ಈಗ ಆರಾಮ. ಆದರೆ ಆ ಅರ್ಧ ಗಂಟೆ ಇವತ್ತೂ ನನ್ನನ್ನು ಬಿಟ್ಟಿಲ್ಲ.

ವಾಚು ಸುಳ್ಳು ಹೇಳಿತಾ? ಇಲ್ಲ. ಅದು ನೋಡುವುದು ಬಡಿತದ ತಾಳ ಮಾತ್ರ. ಹಿಂಭಾಗದ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತೆ. ವಾಪಸ್ ಬರುವ ಬೆಳಕಿನ ಏರಿಳಿತದಿಂದ ನಾಡಿ ಎಣಿಸುತ್ತೆ. ಸಾವಿರಾರು ಜನರ ದಾಖಲೆ ತೋರಿಸಿ, "ಇದು ಸರಿ, ಇದು ತಪ್ಪು" ಅಂತ ಕಂಪ್ಯೂಟರಿಗೆ ಕಲಿಸುವುದೇ ಮಷೀನ್ ಲರ್ನಿಂಗ್. ಹೊಸ ಗುಮಾಸ್ತನಿಗೆ ಹಳೇ ವೋಚರ್ ಕೊಟ್ಟು ಕಲಿಸಿದ ಹಾಗೆ. ಕಲಿಸದೇ ಇದ್ದದ್ದು ಅವನಿಗೆ ಕಾಣಿಸೋದಿಲ್ಲ. ನಾಳ ಕಟ್ಟಿಕೊಂಡರೂ ತಾಳ ಸರಿಯಾಗಿಯೇ ಇರಬಹುದು. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕಡೆಯಿಂದ ನೋಡುತ್ತೆ, ವಾಚು ಒಂದೇ ಕಡೆಯಿಂದ.

ಹಾಗಂತ ವಾಚು ದಂಡ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ ಆಪಲ್ ಹಾರ್ಟ್ ಸ್ಟಡಿಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 4,19,297 ಜನರಲ್ಲಿ 2,161 ಜನರಿಗೆ "ನಾಡಿ ತಾಳ ತಪ್ಪಿದೆ" ಎಂಬ ಎಚ್ಚರಿಕೆ ಬಂತು. ಅವರಲ್ಲಿ ಇಸಿಜಿ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದ 450 ಜನರಲ್ಲಿ ಶೇ. 34 ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಕಂಡುಬಂತು. ಈ ತೊಂದರೆ ಬಂದು ಹೋಗುವಂಥದ್ದು. ಪಟ್ಟಿ ಇದ್ದಾಗ ಸಿಗಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಬಿಟ್ಟರೆ ಲಕ್ವಕ್ಕೆ ದಾರಿ. ಹಾಗಾಗಿ ಎಚ್ಚರಿಕೆ ಬಂದರೆ ಗಾಬರಿ ಬೇಡ, ಡಾಕ್ಟರ ಹತ್ತಿರ ಹೋಗಿ.

ಬಿ.ಕಾಂ. ಮೊದಲ ವರ್ಷವೇ ನಮಗೆ ಹೇಳಿಕೊಡುತ್ತಾರೆ: ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ. ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣಲ್ಲ. 20 ವರ್ಷ ಇದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು ಆ ರಾತ್ರಿ ಮರೆತುಬಿಟ್ಟೆ.

ನೀವು ಮರೆಯಬೇಡಿ. ವಾಚು "ತಪ್ಪಿದೆ" ಅಂದರೆ ಕೇಳಿ. "ಸರಿ ಇದೆ" ಅಂದರೂ ಎದೆ ಒತ್ತುತ್ತಿದ್ದರೆ, ಎಡಗೈ ಅಥವಾ ದವಡೆ ನೋಯುತ್ತಿದ್ದರೆ, ಬೆವರು ಕಿತ್ತು ಬರುತ್ತಿದ್ದರೆ, ವಾಚು ನೋಡುತ್ತಾ ಕೂರಬೇಡಿ. ರೂಮ್‌ಮೇಟನ್ನು ಎಬ್ಬಿಸಿ, 998 ಒತ್ತಿ. ಬೆಳಗ್ಗೆ ಡ್ಯೂಟಿ ಇದೆ, ಬಿಲ್ ಎಷ್ಟಾಗುತ್ತೋ ಅನ್ನುವ ಲೆಕ್ಕ ಆಮೇಲೆ ಕೂತು ಮಾಡೋಣ. ಅದಕ್ಕೆ ನಾನಿದ್ದೇನೆ.