ಹೊಲ ಮಾರಿ ಕೆರೆ ನೋಡೋದು

ಮೊದಲೇ ಹೇಳಿಬಿಡ್ತೀನಿ, ಸ್ವಂತ ಮನೆ ಬೇಕು ಅನ್ನೋರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಬಾಡಿಗೆಗಿದ್ದೀನಿ, ಐದು ಸಲ ಗಂಟುಮೂಟೆ ಕಟ್ಟಿದ್ದೀನಿ. ಗೋಡೆಗೆ ಎರಡು ಮೊಳೆ ಹೊಡೆದಿದ್ದಕ್ಕೆ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಮುರಿದುಕೊಂಡ ಓನರ್‌ನೂ ನೋಡಿದ್ದೀನಿ. ಬಾಡಿಗೆ ಮನೆ ಸುಖ ಅಂತ ನನ್ನ ಹತ್ರ ಯಾರೂ ಭಾಷಣ ಮಾಡೋದು ಬೇಡ. ನನ್ನ ಜಗಳ ಇರೋದು ಒಂದೇ ಥರದ ಮನೆ ಜೊತೆ: ಲೇಕ್ ವ್ಯೂ ಫ್ಲ್ಯಾಟ್. ಅದರಲ್ಲೂ ನಮ್ಮ ಕಡೆಯ ಹುಡುಗರು ಅದನ್ನ ಕೊಳ್ಳೋ ರೀತಿ ಜೊತೆ.

ನಮ್ಮ ಕಡೆ ಅಂದ್ರೆ ಹುಮನಾಬಾದು. ಹೋದ ತಿಂಗಳು ಅಪ್ಪ ಫೋನ್ ಮಾಡಿದ. "ರೋಡಿಗಿ ಹತ್ತಿದ ಎರಡ್ ಎಕರಿ ಕೊಟ್ಟುಬಿಡಬೇಕಂತ ಮಾಡೀನಿ. ಗಿರಾಕಿ ಬಂದಾನ. ನೀ ಅಲ್ಲಿ ಮನಿ ನೋಡು."

ಯಾಕೆ ಅಂತ ಕೇಳಿದ್ರೆ ಮಾತು ಬಸವಕಲ್ಯಾಣಕ್ಕೆ ಹೋಯ್ತು. ಅಲ್ಲೊಂದು ಮನೆತನದ ಜೊತೆ ನನ್ನ ಮದುವೆ ಮಾತುಕತೆ ನಡೀತಿತ್ತು. ಹುಡುಗಿ ಅಪ್ಪಂದು ಆಟೋನಗರದಲ್ಲಿ ಲಾರಿ ಬಾಡಿ ಕಟ್ಟೋ ವರ್ಕ್‌ಶಾಪ್. ದೇಶದ ಯಾವ ಯಾವ ಮೂಲೆಯ ಲಾರಿಗೋ ಮೈ ಕಟ್ಟಿಕೊಡೋ ಊರು ಅದು, ಆ ಮನುಷ್ಯನೂ ದುಡಿದು ಮೇಲೆ ಬಂದವರೇ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಗ ಬೆಂಗಳೂರಾಗ ಸ್ವಂತ ಮನಿ ಅದ ಏನು?" ಸಂಬಳ ಎಷ್ಟು ಅಂತ ಕೇಳಲಿಲ್ಲ, ಸಾಲ ಎಷ್ಟು ಅಂತಂತೂ ಕೇಳಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಈಗ ಗಂಡಿನ ಗುಣ, ಗೋತ್ರ, ಕುಂಡಲಿ ಎಲ್ಲದರ ಜಾಗದಲ್ಲಿ ಒಂದು ಖಾತಾ ಕಾಗದ ಕೂತಿದೆ.

ಅಪ್ಪನ ಮಾತು ತೆಗೆದು ಹಾಕಲಾರದೆ ಒಂದು ಭಾನುವಾರ ಸೈಟ್ ವಿಸಿಟ್‌ಗೆ ಹೋದೆ. ನಗರದ ಪೂರ್ವಕ್ಕೆ, ಒಂದು ಕೆರೆ ಪಕ್ಕ. ಹೆಸರು ಬೇಡ, ಎಲ್ಲ ಬ್ರೋಷರ್‌ಗಳೂ ಒಂದೇ ಥರ ಇರ್ತಾವೆ: ನೀಲಿ ನೀರು, ಬಿಳಿ ಹಕ್ಕಿ, ಬಾಲ್ಕನಿಯಲ್ಲಿ ಕಾಫಿ ಹಿಡಿದ ದಂಪತಿ, ಮೇಲೆ "ವಾಟರ್‌ಫ್ರಂಟ್ ಲಿವಿಂಗ್" ಅಂತ ದಪ್ಪಕ್ಷರ. ಕೆರೆ ಕಡೆ ಮುಖ ಮಾಡಿದ ಫ್ಲ್ಯಾಟಿಗೆ ಪಿಎಲ್‌ಸಿ ಅಂತ ಬೇರೆ ದುಡ್ಡು. ಮೇಲೆ ಹೋದಷ್ಟೂ ಫ್ಲೋರ್ ರೈಸ್ ಅಂತ ಇನ್ನೊಂದಿಷ್ಟು. ಸ್ಯಾಂಪಲ್ ಫ್ಲ್ಯಾಟಿನ ಬಾಲ್ಕನಿ ಬಾಗಿಲು ಮುಚ್ಚಿತ್ತು. ತೆಗೀರಿ ಅಂದೆ. ಸೇಲ್ಸ್ ಹುಡುಗ ತೆಗೆದ, ಅರ್ಧ ನಿಮಿಷಕ್ಕೆ ತಾನೇ ಮುಚ್ಚಿದ. ವಾಸನೆ ಬಗ್ಗೆ ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಕೇಳಿದ್ದು ಬೇರೆ. "ಕುಡಿಯೋಕೆ ನೀರು ಎಲ್ಲಿಂದ?"

"ಬೋರ್‌ವೆಲ್ ಇದೆ ಸರ್. ಬೇಸಿಗೇಲಿ ಟ್ಯಾಂಕರ್ ಬ್ಯಾಕಪ್."

ಎದುರಿಗೆ ಕಣ್ಣು ಹಾಯಿಸಿದಷ್ಟು ದೂರ ನೀರು, ಕೆಳಗಡೆ ಟ್ಯಾಂಕರ್ ತಿರುಗಿಸೋಕೆ ಜಾಗ. ಇದಕ್ಕೇ ಪಿಎಲ್‌ಸಿ.

ಬೆಂಗಳೂರಿಗೆ ಸಮುದ್ರ ಇಲ್ಲ, ದೊಡ್ಡ ನದಿಯೂ ಇಲ್ಲ. ಇಲ್ಲಿನ ಕೆರೆಗಳೆಲ್ಲ ಮನುಷ್ಯರು ಏರಿ ಹಾಕಿ ಕಟ್ಟಿದ್ದು, ಒಂದು ತುಂಬಿದರೆ ಕಾಲುವೆ ಹಿಡಿದು ಇನ್ನೊಂದಕ್ಕೆ ಹರಿಯೋ ಹಾಗೆ. ಅಂದ್ರೆ ಕೆರೆ ದಂಡೆ ಅನ್ನೋದು ಆ ಸೀಮೆಯಲ್ಲೇ ತಗ್ಗು ಜಾಗ. ಮಳೆ ಬಂದರೆ ನೀರು ಅಲ್ಲಿಗೇ ಬರಬೇಕು, ಬರೋದು ಅದರ ಹಳೇ ಚಾಳಿ. ಬೆಳ್ಳಂದೂರು ಕೆರೆಯ ಕಥೆ ನಿಮಗೆ ಹೊಸದಲ್ಲ. 2015ರಲ್ಲಿ ನೊರೆ ಎದ್ದು ರಸ್ತೆ ಮೇಲೆ ಹಾರಾಡಿತು, 2017ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿದ್ದಾಗ ಆರಿಸೋಕೆ ಸೇನೆಯವರು ಬಂದರು. ನೀರಿಗೆ ಬೆಂಕಿ ಬಿದ್ದ ಕೆರೆಯ ಸುತ್ತಮುತ್ತ ಅದಾದ ಮೇಲೂ "ಲೇಕ್ ವ್ಯೂ" ಅನ್ನೋ ಮಾತಿಗೆ ಬೆಲೆ ಇಳಿದಿಲ್ಲ ಅಂದ್ರೆ ನಮ್ಮ ಜನರ ಧೈರ್ಯ ಮೆಚ್ಚಬೇಕು.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಎಲ್ಲ ಮುಳುಗಿ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನ ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದರು. ಲ್ಯಾಪ್‌ಟಾಪ್ ಬ್ಯಾಗ್ ಎದೆಗೆ ಅವುಚಿಕೊಂಡು ಟ್ರ್ಯಾಕ್ಟರ್ ಮೇಲೆ ನಿಂತವರ ಫೋಟೋ ನಮ್ಮ ಟೀಮ್ ಗ್ರೂಪಿನಲ್ಲೂ ಓಡಾಡಿತು. ನಮ್ಮ ಮನೇಲಿ ಟ್ರ್ಯಾಕ್ಟರ್ ಬಾಡಿಗೆಗೆ ತರಿಸೋದು ಹೊಲ ಹರಗೋಕೆ. ಇಲ್ಲಿ ಅದೇ ಟ್ರ್ಯಾಕ್ಟರು ಆಫೀಸಿಗೆ ಕ್ಯಾಬ್ ಆಗಿತ್ತು.

ಇನ್ನು 2024ರ ಮಾರ್ಚ್. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್‌ನವರು ಕೇಳಿದ್ದೇ ರೇಟು ಅಂತಾಯಿತು. ಕೊನೆಗೆ ಆಡಳಿತವೇ ದರ ಕಟ್ಟಬೇಕಾಯಿತು: 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಒಂದೂವರೆ ವರ್ಷದ ಅಂತರದಲ್ಲಿ ಅದೇ ಜನ ನೀರಲ್ಲಿ ಮುಳುಗಿದರು, ನೀರಿಲ್ಲದೆ ಒಣಗಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತಲ್ಲ, ಇನ್ನೇನು ಚಿಂತೆ ಅಂತೀರಿ. ಸರಿ, 110 ಹಳ್ಳಿಗಳಿಗೆ 775 ದಶಲಕ್ಷ ಲೀಟರ್ ಸಣ್ಣದೇನಲ್ಲ. ಆದ್ರೆ ಆ ನೀರು ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಹೊಡೆದು ತಂದದ್ದು. ನಿಮ್ಮ ಬಾಲ್ಕನಿ ಮುಂದಿನ ನೀರಿಗೂ ನಿಮ್ಮ ನಲ್ಲಿಗೂ ಆಗಲೂ ಸಂಬಂಧ ಇರಲಿಲ್ಲ, ಈಗಲೂ ಇಲ್ಲ.

ಕಾನೂನು ಕಾಪಾಡುತ್ತೆ ಅಂತ ನಂಬೋ ಗೆಳೆಯರಿಗೆ ಒಂದು ಮಾತು. ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯಿಂದ 30 ಮೀಟರ್ ಬಿಡಬೇಕಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನ 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಕಾಗದದ ಮೇಲೆ ಮೀಟರ್ ಹಿಂದೆ ಮುಂದೆ ಆಗ್ತಾ ಇರುತ್ತೆ, ನೀರಿಗೆ ಮಾತ್ರ ಯಾರೂ ಆದೇಶದ ಪ್ರತಿ ಕಳಿಸಿಲ್ಲ. ರೇರಾ ನಂಬರ್ ಇದೆ, ಬ್ಯಾಂಕ್ ಲೋನ್ ಕೊಡ್ತಿದೆ, ಅಷ್ಟು ಸಾಕು ಅನ್ನೋರು ಹೈದರಾಬಾದ್ ಕಡೆ ಒಮ್ಮೆ ನೋಡಿ. ನಮ್ಮ ಹುಮನಾಬಾದಿಗೆ ಬೆಂಗಳೂರಿಗಿಂತ ಹತ್ತಿರ ಅದೇ, ಹೈವೇ ಹಿಡಿದರೆ ಮೂರು ಗಂಟೆ, ನಮ್ಮ ಊರಿನ ಅರ್ಧ ಹುಡುಗರು ಅಲ್ಲೇ ಇದ್ದಾರೆ. 2024ರ ಜುಲೈನಲ್ಲಿ ಹೈಡ್ರಾ ಅಂತ ಸಂಸ್ಥೆ ಹುಟ್ಟಿತು. ಎರಡು ತಿಂಗಳಾಗೋ ಹೊತ್ತಿಗೆ ಮಲ್ಲಂಪೇಟೆ, ಅಮೀನ್‌ಪುರ ಕಡೆ ಕೆರೆ ಜಾಗದ ಕಟ್ಟಡಗಳಿಗೆ ಜೆಸಿಬಿ ಬಂತು. ಮನೆ ಒಡೆದರೂ ಇಎಂಐ ನಿಲ್ಲಲ್ಲ.

ಆ ಭಾನುವಾರ ನಾನು ಇನ್ನೂ ಒಂದು ಕೆಲಸ ಮಾಡಿದೆ. ಸರ್ಕಾರದ್ದೇ ದಿಶಾಂಕ್ ಅಂತ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಗೇಟಿನ ಹತ್ರ ನಿಂತು ತೆಗೆದೆ. ಕ್ಲಬ್‌ಹೌಸ್ ಬರೋ ಜಾಗದ ಅಡಿಯಲ್ಲೇ ಕಾಲುವೆ ಗೆರೆ ಹಾದುಹೋಗಿತ್ತು. ಹುಡುಗನಿಗೆ ತೋರಿಸಿದೆ. "ಅದನ್ನ ಡೈವರ್ಟ್ ಮಾಡಿದಾರೆ ಸರ್" ಅಂದ. ಎಲ್ಲಿಗೆ ಅಂದೆ. ಮ್ಯಾನೇಜರ್‌ನ ಕೇಳಿ ಹೇಳ್ತೀನಿ ಅಂದವನು ಇವತ್ತಿನವರೆಗೂ ಫೋನ್ ಮಾಡ್ತಾನೇ ಇದ್ದಾನೆ, ಆದ್ರೆ ಆಫರ್ ಹೇಳೋಕೆ.

ಈಗ ಲೆಕ್ಕ. ಫ್ಲ್ಯಾಟು ಒಂದು ಕೋಟಿ, ಸಾಲ 80 ಲಕ್ಷ, ಬಡ್ಡಿ ಶೇ 8.5, ಅವಧಿ 20 ವರ್ಷ ಅಂತಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 69,400. ಇಪ್ಪತ್ತು ವರ್ಷಕ್ಕೆ ಒಂದು ಕೋಟಿ 66 ಲಕ್ಷ ದಾಟುತ್ತೆ, ಅದರಲ್ಲಿ ಬಡ್ಡಿಯೇ 86 ಲಕ್ಷ. ಜಿಎಸ್‌ಟಿ, ನೋಂದಣಿ, ಕಾರ್ ಪಾರ್ಕಿಂಗ್, ಮೇಂಟೆನೆನ್ಸ್ ಬೇರೆ. ಬಾಡಿಗೆ ಕಟ್ಟೋದು ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಆಫೀಸಿನ ಕ್ಯಾಂಟೀನಲ್ಲಿ ಹೇಳೋರು ಈ 86 ಲಕ್ಷ ಎಲ್ಲಿಗೆ ಹಾಕಿದ ಹಾಗೆ ಅಂತ ಹೇಳಲ್ಲ.

ಆದ್ರೆ ನನ್ನ ಕೋಪ ಇಎಂಐ ಮೇಲಲ್ಲ. ಇಎಂಐ ಕಟ್ಟೋದು ನನ್ನ ಸಂಬಳ, ಅದು ನನ್ನ ಹುಚ್ಚು. ಕೋಪ ಇರೋದು ಆ ಉಳಿದ 20 ಲಕ್ಷದ ಮೇಲೆ. ಬ್ಯಾಂಕು ಕೊಡದ, ನಾವು ಉಳಿಸಿಲ್ಲದ ಡೌನ್ ಪೇಮೆಂಟ್. ಅದು ಬರೋದು ಹುಮನಾಬಾದ್, ಭಾಲ್ಕಿ, ಬಸವಕಲ್ಯಾಣದ ಕರಿಮಣ್ಣಿಂದ. ನಮ್ಮ ತಂದೆಯರು ಬಾಯಿ ಬಿಟ್ಟು ಹೇಳದೆ ಹೊಲ ಮಾರ್ತಾರೆ, ನಾವು ಹೌಸ್ ವಾರ್ಮಿಂಗ್ ಫೋಟೋ ಹಾಕಿ "ಸೆಲ್ಫ್ ಮೇಡ್" ಅಂತ ಬರ್ಕೋತೀವಿ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದಮೇಲೆ ಕೃಷಿಕನಲ್ಲದವನೂ ಹೊಲ ಕೊಳ್ಳಬಹುದು. ಅಪ್ಪ ಹೇಳಿದ ಗಿರಾಕಿಗೂ ಬಿತ್ತನೆಗೂ ಸಂಬಂಧ ಇಲ್ಲ, ಪ್ಲಾಟ್ ಹಾಕೋನು. ಒಮ್ಮೆ ಕಲ್ಲು ನೆಟ್ಟ ಹೊಲ ತಿರುಗಿ ಹೊಲ ಆಗೋದನ್ನ ನಾನಂತೂ ನೋಡಿಲ್ಲ.

ಇನ್ನೊಂದು ಮಾತು, ಇದನ್ನ ಓದೋ ಗಂಡುಮಕ್ಕಳು ಮುಖ ತಿರುಗಿಸಬಾರದು. ಆ ಎರಡು ಎಕರೆ ತಾತನ ಕಾಲದ್ದು, ಪಿತ್ರಾರ್ಜಿತ. 2005ರ ತಿದ್ದುಪಡಿ ಪ್ರಕಾರ ಅದರಲ್ಲಿ ನನ್ನ ಅಕ್ಕನಿಗೂ ನನ್ನಷ್ಟೇ ಪಾಲು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಮತ್ತೊಮ್ಮೆ ಗಟ್ಟಿ ಮಾಡಿ ಹೇಳಿತು. ಹಾಗಾದ್ರೆ ಮಾರೋಕೆ ಅಕ್ಕನ ಸಹಿ ಬೇಕು. "ಅಕಿ ಏನ್ ಬ್ಯಾಡ ಅಂತಾಳ? ಕರದ್ರ ಬಂದು ಸಹಿ ಹಾಕ್ತಾಳ" ಅಂದ ಅಪ್ಪ. ಹೌದು, ಹಾಕ್ತಾಳೆ. ಸೀರೆ ಉಡಿಸಿ, ಊಟ ಹಾಕಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹೆಬ್ಬೆಟ್ಟು, ಫೋಟೋ ಮುಗಿಸಿ ಬಸ್ಸಿಗೆ ಹತ್ತಿಸ್ತೀವಿ. ಕಲಬುರಗಿಯಲ್ಲಿ ಎರಡು ಮಕ್ಕಳನ್ನ ಕಟ್ಟಿಕೊಂಡು ಬಾಡಿಗೆ ಮನೇಲೇ ಇರೋ ಅಕ್ಕ, ತನ್ನ ಪಾಲಿನ ನೆಲ ಕೊಟ್ಟು ತಮ್ಮನಿಗೆ ಕೆರೆ ತೋರಿಸಬೇಕು. ಇದನ್ನ ಪ್ರೀತಿ ಅಂತ ಕರೆಯೋದು ನಮಗೆ ಅನುಕೂಲ.

ಹೊಲದಲ್ಲಿ ಏನಿದೆ, ಇಟ್ಕೊಂಡು ಏನು ಮಾಡ್ತೀಯ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. 2022ರಲ್ಲಿ ನೆಟೆ ರೋಗ ಬಂದು ನಮ್ಮ ತೊಗರಿ ನಿಂತಲ್ಲೇ ಒಣಗಿತು, ಆ ವರ್ಷ ಹಾಕಿದ್ದೂ ಬರಲಿಲ್ಲ. ಹೊಲ ಬಂಗಾರ ಅಂತ ನಾನು ಹಾಡು ಹೇಳ್ತಿಲ್ಲ. ಅಪ್ಪನಿಗೆ ಕಷ್ಟ ಇದ್ದರೆ, ಅವ್ವನ ಆಪರೇಷನ್ ಇದ್ದರೆ, ಅಕ್ಕನಿಗೆ ಬೇಕಾದರೆ ಮಾರಲಿ. ನನ್ನ ಬಾಲ್ಕನಿಗೆ ಮಾರೋದು ಬೇಡ.

ನೀರಿನ ದಂಡೆಯ ಮನೆ ಅಂದ್ರೆ ಏನು ಅಂತ ನಮ್ಮ ತಾಲೂಕಿನವರಿಗೆ ಯಾರೂ ಬ್ರೋಷರ್ ಕೊಟ್ಟು ಹೇಳಬೇಕಾಗಿಲ್ಲ. ಕಾರಂಜಾ ಜಲಾಶಯ ಕಟ್ಟಿದಾಗ ಭಾಲ್ಕಿ, ಹುಮನಾಬಾದ್ ಕಡೆಯ ಎಷ್ಟೋ ಜನರ ಹೊಲ ಮನೆ ಮುಳುಗಿದವು. ಸರಿಯಾದ ಪರಿಹಾರ ಕೊಡಿ ಅಂತ ಆ ಸಂತ್ರಸ್ತರು ದಶಕಗಳಿಂದ ಬೀದರಿನಲ್ಲಿ ಧರಣಿ ಕೂರ್ತಾ ಬಂದಿದ್ದಾರೆ. ಅವರ ಊರಿನ ಮೇಲೆ ನಿಂತ ನೀರನ್ನೇ ಕುಡಿದು ನಾನು ಹತ್ತನೇ ಕ್ಲಾಸ್ ಪಾಸಾದೆ. ಅಲ್ಲಿ ನೀರಿಗಾಗಿ ನೆಲ ಬಿಟ್ಟವರಿಗೆ ಬೆಲೆ ಕಟ್ಟೋಕೆ ಸರ್ಕಾರಕ್ಕೆ ಆಗ್ತಿಲ್ಲ, ಇಲ್ಲಿ ನೀರು ಕಾಣೋದಕ್ಕೇ ಚದರಡಿಗೆ ಇಷ್ಟು ಅಂತ ರೇಟ್ ಕಾರ್ಡ್ ಇದೆ.

ಬಸವಕಲ್ಯಾಣದಲ್ಲೂ ಕೆರೆ ಇದೆ, ತ್ರಿಪುರಾಂತ ಕೆರೆ. ಚಾಲುಕ್ಯರ ರಾಜಧಾನಿಯಾಗಿದ್ದ ಊರು, ನೀರಿಲ್ಲದೆ ರಾಜಧಾನಿ ಆಗುತ್ತಾ? ಶರಣ ನುಲಿಯ ಚಂದಯ್ಯ ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬದುಕಿದವರು ಅಂತ ಕಥೆ ಇದೆ, ಅವರ ಹೆಸರಿನ ಗವಿಯೂ ಅಲ್ಲಿದೆ. ಹೆಣ್ಣು ನೋಡೋಕೆ ಹೋದ ದಿನ ಆ ಕಡೆ ಹೋಗಿ ಬಂದೆ. ದಂಡೆ ಮೇಲೆ ಪ್ಲಾಸ್ಟಿಕ್ಕು, ಮುರಿದ ಗಣಪತಿ. ಪಿಎಲ್‌ಸಿ ಕಟ್ಟದೆ ನೋಡೋ ಕೆರೆ, ಹಾಗಾಗಿ ಯಾರೂ ನೋಡ್ತಿರಲಿಲ್ಲ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿ ಹೊಲ ಕೊಡಬ್ಯಾಡ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಕಲ್ಯಾಣದವರಿಗಿ ಏನ್ ಹೇಳ್ಲಿ?"

"ಬಾಡಿಗಿ ಮನ್ಯಾಗ ಇದ್ದಾನ, ಒಂದು ರೂಪಾಯಿ ಸಾಲ ಇಲ್ಲ ಅಂತ ಹೇಳು."

"ಅದಕ್ಕ ಯಾರು ಹೆಣ್ಣು ಕೊಡ್ತಾರೋ?" ಅಂದ. ಆಮೇಲೆ, "ಆ ಗಿರಾಕಿಗಿ ದೀಪಾವಳಿ ತನಾ ತಡಿ ಅಂತೀನಿ" ಅಂತ ಫೋನ್ ಇಟ್ಟ.

ದೀಪಾವಳಿಗೆ ಇನ್ನೂ ಆರು ವಾರ ಇದೆ. ಅಕ್ಕನಿಗೆ ಫೋನ್ ಮಾಡಿ, ಸಹಿಗೆ ಕರೆದರೆ ಬರಬೇಡ ಅಂತ ಹೇಳಿದ್ದೀನಿ.