ಟೆಸ್ಟಿಗೆ ರಜೆ ಕೊಡುವವರು

"ಬಿಲ್ಡ್ ಆಯಿತು, ಟೆಸ್ಟುಗಳನ್ನು ಮಾತ್ರ ತೆಗೆದುಬಿಟ್ಟೆ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಕಸುಬಿನಲ್ಲಿ ಇಂಥವರಿಗೆ ಬರವಿಲ್ಲ.

ಕಸುಬು ಯಾವುದೆಂದು ಹೇಳಿಬಿಡುತ್ತೇನೆ. ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಿ ಎಂದು ಮೂಲಸಮೇತ ಬಿಟ್ಟುಕೊಟ್ಟ ಪ್ರೋಗ್ರಾಮಿನ ತುಣುಕುಗಳಿವೆ. ಫೋಟೋ ತೆರೆಯಲು ಒಂದು, ಕಡತ ಕುಗ್ಗಿಸಲು ಇನ್ನೊಂದು. ಅವನ್ನು ಲೈಬ್ರರಿ ಎನ್ನುತ್ತಾರೆ, ಪುಸ್ತಕದ ವಾಸನೆಯೂ ಇಲ್ಲದಿದ್ದರೂ! ಹಲವು ಲಿನಕ್ಸಿನಲ್ಲಿ ಹುಟ್ಟಿದವು. ನಮ್ಮೂರಿನ ಝೆರಾಕ್ಸ್ ಅಂಗಡಿಯಲ್ಲಿರುವುದೋ ವಿಂಡೋಸ್. ಲಿನಕ್ಸ್ ಯಂತ್ರದಲ್ಲೇ ಕೂತು, ಮಿಂಗ್‌ಡಬ್ಲ್ಯು-ಡಬ್ಲ್ಯು64 ಎಂಬ ಸಲಕರಣೆಯಿಂದ ಅವನ್ನು ವಿಂಡೋಸಿಗೆ ಒಗ್ಗುವಂತೆ ಸಿದ್ಧಪಡಿಸುವುದೇ ಕ್ರಾಸ್ ಕಂಪೈಲ್.

ಒಳ್ಳೆಯ ಲೈಬ್ರರಿಯ ಜೊತೆಗೆ ಅದನ್ನು ಬರೆದವರೇ ಪುಟ್ಟ ಪುಟ್ಟ ಟೆಸ್ಟ್ ಪ್ರೋಗ್ರಾಮುಗಳನ್ನೂ ಇಟ್ಟಿರುತ್ತಾರೆ. ತಕರಾರು ಅಲ್ಲಿಯದು. ಲಿನಕ್ಸಿನ ಫೋರ್ಕ್ ಎಂಬ ಕರೆ ವಿಂಡೋಸಿನಲ್ಲಿಲ್ಲ. ಅದನ್ನು ನೆಚ್ಚಿದ ಟೆಸ್ಟು ಬಿಲ್ಡ್ ಆಗುವುದೇ ಇಲ್ಲ. ಆದರೂ, ಹುಟ್ಟಿದ್ದು ವಿಂಡೋಸ್ ಪ್ರೋಗ್ರಾಮಲ್ಲವೇ? ಲಿನಕ್ಸಿನ ಮೇಲೆ ನೇರವಾಗಿ ಓಡದು. ಆಗ ನಮ್ಮ ಜಾಣರು ಸಿಮೇಕ್‌ಗೆ 'ಬಿಲ್ಡ್ ಟೆಸ್ಟಿಂಗ್ ಆಫ್' ಎಂದು ಒಂದು ಸಾಲು ಬರೆದು ಟೀ ಕುಡಿಯಲು ಹೊರಡುತ್ತಾರೆ.

ಫೋರ್ಕ್ ಬೇಡುವ ಟೆಸ್ಟನ್ನು ಬಿಡಲಿ, ನನ್ನದೇನೂ ಅಡ್ಡಿಯಿಲ್ಲ. ಅದೊಂದನ್ನೇ, ಹೆಸರು ಹೇಳಿ, ಕಾರಣ ಬರೆದು ಬಿಡಲಿ. ಆಟೋಮೇಕ್‌ನಲ್ಲಿ ಇದಕ್ಕೆಂದೇ ವ್ಯವಸ್ಥೆಯಿದೆ: ಟೆಸ್ಟು 77 ಎಂಬ ಸಂಖ್ಯೆಯೊಂದಿಗೆ ಮುಗಿದರೆ 'ಬಿಟ್ಟಿದ್ದು' ಎಂಬ ಬೇರೆ ಲೆಕ್ಕಕ್ಕೆ ಹೋಗುತ್ತದೆ, ಪಾಸಾದವುಗಳ ಜೊತೆ ಸೇರುವುದಿಲ್ಲ.

ಇನ್ನೊಂದು ಟೆಸ್ಟು ಇಂಗ್ಲಿಷಲ್ಲದ ಹೆಸರಿನ ಕಡತ ತೆರೆದು ನೋಡುತ್ತದೆ ಎನ್ನಿ. ಲಿನಕ್ಸಿನಲ್ಲಿ ಪಾಸು, ವಿಂಡೋಸಿನಲ್ಲಿ ಫೇಲು. "ಪೀಡೆ ಟೆಸ್ಟು" ಎಂದು ಕಿತ್ತೆಸೆಯುತ್ತಾರೆ. ಆದರೆ ಅದು ಹೇಳುತ್ತಿದ್ದದ್ದು ನಿಜ! ವಿಂಡೋಸಿನಲ್ಲಿ ಎಫ್‌ಓಪನ್ ಎಂಬ ಹಳೆಯ ಕರೆ, ಸಾಮಾನ್ಯವಾಗಿ ಕಡತದ ಹೆಸರನ್ನು ಯುಟಿಎಫ್-8 ಎಂದು ತಿಳಿಯದೆ, ಆ ಯಂತ್ರಕ್ಕೆ ಹೊಂದಿಸಿದ ಕೋಡ್ ಪೇಜಿನಂತೆ ಓದುತ್ತದೆ. ಹಾಗೆ ಹೊಂದಿಸುವ ಹಳೆಯ ಕೋಡ್ ಪೇಜುಗಳಲ್ಲಿ ಕನ್ನಡಕ್ಕೆಂದು ಒಂದೂ ಇಲ್ಲ. 2019ರ ವಿಂಡೋಸ್ 10, ಆವೃತ್ತಿ 1903ರಿಂದ ಈಚೆಗೆ ಪ್ರೋಗ್ರಾಮು ತನಗೆ ಯುಟಿಎಫ್-8 ಬೇಕೆಂದು ಕೇಳಿಕೊಳ್ಳಬಹುದು. ಕೇಳಿಕೊಂಡರೆ ತಾನೇ?

ಮಗಳ ಮದುವೆಯ ಫೋಟೋಗೆ ನೀವು 'ಧಾರೆ' ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದೀರಿ. ಕಡತ ಕಣ್ಣೆದುರಿಗೇ ಇದೆ, ಪ್ರೋಗ್ರಾಮು ಮಾತ್ರ 'ಇಲ್ಲ' ಎನ್ನುತ್ತದೆ. ಪಕ್ಕದಲ್ಲಿ ನಿಂತ ಮಗರಾಯ, "ಅಮ್ಮಾ, ನಿನಗೆ ಕಂಪ್ಯೂಟರ್ ಗೊತ್ತಾಗಲ್ಲ, ಇಂಗ್ಲಿಷಿನಲ್ಲಿ ಹೆಸರಿಡು" ಎಂದು ಬುದ್ಧಿ ಹೇಳುತ್ತಾನೆ. ತಪ್ಪು ನಿಮ್ಮದಲ್ಲ, ತಾಯಿ! ಎಲ್ಲೋ ಒಬ್ಬ ಮಹಾಶಯ ಆ ಟೆಸ್ಟಿಗೆ ರಜೆ ಕೊಟ್ಟಿದ್ದಾನೆ.

ಸಂಖ್ಯೆ ಇಡುವ 'ಲಾಂಗ್' 64 ಬಿಟ್ ಲಿನಕ್ಸಿನಲ್ಲಿ 8 ಬೈಟು, ವಿಂಡೋಸಿನಲ್ಲಿ 4. ಎರಡು ಜಿಬಿ ದಾಟಿದ ವಿಡಿಯೋದ ಅಳತೆ ಅದರಲ್ಲಿ ಹಿಡಿಸದು. ಇದನ್ನು ಹಿಡಿದುಕೊಡುವುದೂ ಟೆಸ್ಟೇ.

"ಟೈಮಿಲ್ಲ ಮೇಡಂ" ಎನ್ನುತ್ತಾರೆ. ಟೆಸ್ಟುಗಳನ್ನು ವೈನ್ ಮೂಲಕ ಓಡಿಸು ಎಂದು ಸಿಮೇಕ್‌ಗೂ ಮೆಸನ್‌ಗೂ ಹೇಳಲು ಬೇಕಾದದ್ದು ಒಂದೇ ಸಾಲು. ಆಫ್ ಎಂದು ಬರೆಯಲೂ ಒಂದೇ ಸಾಲು. ವೈನ್ ಅಸಲಿ ವಿಂಡೋಸಲ್ಲ, ಒಪ್ಪಿದೆ. ಹಾಗಿದ್ದರೆ ಟೆಸ್ಟುಗಳನ್ನೂ ಡಿಎಲ್‌ಎಲ್‌ಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಪಕ್ಕದ ಮೇಜಿನ ವಿಂಡೋಸ್ ಯಂತ್ರದ ತನಕ ನಡೆಯಿರಿ. ನಾನು ಪ್ರತಿ ಸಲ ನಡೆಯುತ್ತೇನೆ.